ಬಾಯಿ ನೋಡದೆ ಕುರಿ ಕೊಳ್ಳದವರು ಮೊಲವನ್ನು ಡಬ್ಬದಲ್ಲೇ ಕೊಳ್ಳೋದೇ?

ನಮ್ಮ ಕಡೆಯ ಕುರಿ ಸಂತೆಗೆ ಒಂದು ಸಲ ಬಂದು ನೋಡಿ. ನಿನ್ನೆ ಮೊನ್ನೆ ಮೀಸೆ ಚಿಗುರಿದ ಹುಡುಗನೂ ಕುರಿಯ ತುಟಿ ಎತ್ತಿ ಹಲ್ಲು ಎಣಿಸದೆ ದುಡ್ಡು ಬಿಚ್ಚೋದಿಲ್ಲ. ಎರಡು ಹಲ್ಲು ಅಂದ್ರೆ ವರ್ಷ, ಒಂದೂವರೆ ವರ್ಷ. ನಾಲ್ಕು ಹಲ್ಲು ಅಂದ್ರೆ ಎರಡರ ಆಸುಪಾಸು. ಬಾಯಿ ಕೂಡಿದೆ ಅಂದ್ರೆ ನಾಲ್ಕಕ್ಕೆ ಬಂತು. ಇದನ್ನ ನಮಗೆ ಯಾವ ಮೇಷ್ಟ್ರೂ ಕಲಿಸಲಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಹಲ್ಲು ನೋಡೋದನ್ನ ಮೂರನೇ ಕ್ಲಾಸಿನಲ್ಲೇ ನಮ್ಮಪ್ಪನ ಹಿಂದೆ ಸಂತೆ ಸುತ್ತಿ ಕಲಿತಿದ್ದೆ. ಎತ್ತು ಕೊಳ್ಳುವಾಗ ಹಲ್ಲು ಸಾಲದು ಅಂತ ಸುಳಿ ನೋಡ್ತೀವಿ, ಗೊರಸು ನೋಡ್ತೀವಿ, ನೊಗ ಹೂಡಿ ನಾಲ್ಕು ಹೆಜ್ಜೆ ನಡೆಸಿ ನೋಡ್ತೀವಿ. ಅಂಥ ನಾವು ಮೊಲ ಕೊಳ್ಳುವಾಗ ಏನು ಮಾಡಿದ್ವಿ? ರಟ್ಟಿನ ಡಬ್ಬದ ತೂತಿನಿಂದ ಬಗ್ಗಿ ನೋಡಿ, 'ಆಹಾ, ಎಷ್ಟು ಬೆಳ್ಳಗಿದೆ' ಅಂತ ದುಡ್ಡು ಎಣಿಸಿ ಕೊಟ್ವಿ.

'ನಾವು' ಅಂತ ಯಾಕೆ ಮರೆಸಲಿ, ನಾನೇ ಕೊಟ್ಟೆ.

2017ರ ಮಾತು. ಶೇಂಗಾ ಆ ವರ್ಷವೂ ಕೈಕೊಟ್ಟಿತ್ತು. ಕಾರ್ತಿಕದಲ್ಲಿ ಪಕ್ಕದ ಪಟ್ಟಣದಲ್ಲಿ ಮೊಲ ಸಾಕಣೆ ಬಗ್ಗೆ ಒಂದು ಸಭೆ ಅಂತ ಊರಿನ ಹತ್ತು ಜನ ಹೋದ್ವಿ. ಟೈ ಕಟ್ಟಿದ ಒಬ್ಬರು ಗೋಡೆಯ ಮೇಲೆ ಚಿತ್ರ ಬಿಟ್ಟು ಲೆಕ್ಕ ಹೇಳಿದರು. ಹತ್ತು ಮೊಲದ ಒಂದು ಯೂನಿಟ್ಟು, ಏಳು ಹೆಣ್ಣು ಮೂರು ಗಂಡು. ತಿಂಗಳಿಗೆ ಇಷ್ಟು ಮರಿ, ಮೂರು ತಿಂಗಳಿಗೆ ಇಷ್ಟು ತೂಕ, ಅಷ್ಟನ್ನೂ ವಾಪಸು ನಾವೇ ಕೊಳ್ತೀವಿ ಅಂದರು. ಮನೆಯವಳ ಸ್ತ್ರೀಶಕ್ತಿ ಸಂಘದಿಂದ 20 ಸಾವಿರ ಸಾಲ ತೆಗೆಸಿದೆ, ಮೂರು ಸಾವಿರ ಕೈಯಿಂದ ಹಾಕಿದೆ. ಮೊಲಕ್ಕೆ 14 ಸಾವಿರ, ಜಾಲರಿ ಪಂಜರಕ್ಕೆ 9 ಸಾವಿರ. ಅವರೇ ವ್ಯಾನಿನಲ್ಲಿ ತಂದು ಇಳಿಸಿದರು. ಹೆಣ್ಣಿನ ಡಬ್ಬಗಳಿಗೆ ಕೆಂಪು ಗುರುತು, ಗಂಡಿನದಕ್ಕೆ ನೀಲಿ ಗುರುತು. ಆ ಬಣ್ಣ ನೋಡಿಯೇ ನಾವು ಪಂಜರಕ್ಕೆ ಬಿಟ್ಟಿದ್ದು.

ಬಂದ ವಾರಕ್ಕೇ ಒಂದು ಪಂಜರದ ಎರಡು 'ಹೆಣ್ಣು' ಕಚ್ಚಾಡಿ, ಒಂದರ ತೊಡೆಸಂದು ಹರಿದು ರಕ್ತ ಸುರಿಯಿತು. ಜಾಗ ಸಾಲದೆ ಜಗಳ ಅಂತ ಅರಿಶಿನ ಹಚ್ಚಿ ಬೇರೆ ಮಾಡಿದ್ವಿ. ಹೆಣ್ಣು ತಂದು ಗಂಡಿನ ಪಂಜರಕ್ಕೆ ಬಿಟ್ಟರೆ ಹತ್ತೋದೇನೋ ಹತ್ತುತ್ತಿತ್ತು, ಅಷ್ಟಕ್ಕೇ ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೂತೆ. ಹೆಣ್ಣು ಹೆಣ್ಣಿನ ಮೇಲೂ ಹತ್ತುತ್ತೆ, ಗಂಡು ಗಂಡಿನ ಮೇಲೂ ಹತ್ತುತ್ತೆ ಅನ್ನೋದು ಆಗ ಗೊತ್ತಿರಲಿಲ್ಲ. ಇಪ್ಪತ್ತೆರಡನೇ ದಿನ ಬೆಳಿಗ್ಗೆ ಮನೆಯವಳು ಮೇವು ಹಾಕೋಕೆ ಹೋದವಳು ಅಲ್ಲಿಂದಲೇ ಕೂಗಿದಳು: 'ರೀ, ಬರ್ರಿ ಇಲ್ಲಿ. ನಿಮ್ಮ ಗಂಡು ಮೊಲ ಬಾಣಂತಿ ಆಗೈತೆ!'

ಹೋಗಿ ನೋಡಿದರೆ ನೀಲಿ ಗುರುತಿನ ಗಂಡು ಎದೆಯ ಕೂದಲು ಕಿತ್ತು ಮೂಲೆಗೆ ಹಾಸಿ ಆರು ಮರಿ ಹಾಕಿದೆ. ಮರಿಗೂಡಿನ ಪೆಟ್ಟಿಗೆ ಇಟ್ಟಿರಲಿಲ್ಲ. ಗಂಡಿಗೆ ಯಾರು ಇಡ್ತಾರೆ? ಜಾಲರಿಯಿಂದ ಜಾರಿ ನಾಲ್ಕು ಸತ್ತವು. ಮೊಲದ ಗಬ್ಬ 30, 31 ದಿನ. ಅಂದ್ರೆ ನಮ್ಮಲ್ಲಿಗೆ ಬರುವಾಗಲೇ ಅದು ಗಬ್ಬ. ಅದು ಗಬ್ಬ ಅನ್ನೋದಿರಲಿ, ಹೆಣ್ಣು ಅನ್ನೋದೇ ಮಾರಿದವರಿಗೆ ಗೊತ್ತಿರಲಿಲ್ಲ, ಇಲ್ಲವೇ ಗೊತ್ತಿದ್ದೂ ಲೆಕ್ಕ ತುಂಬಿಸಿದರು. ಯಾವುದು ನಿಜ ಅಂತ ಇವತ್ತಿಗೂ ನಾನು ಹೇಳಲಾರೆ. ಫೋನು ಮಾಡಿದರೆ ಮೊದಲು ಎತ್ತಿದರು, ಆಮೇಲೆ ಎತ್ತಲಿಲ್ಲ, ಆಮೇಲೆ ಆ ನಂಬರೇ ಇಲ್ಲ ಅಂತು.

ಪಶು ಆಸ್ಪತ್ರೆಯ ಕಾಂಪೌಂಡರು ಒಬ್ಬರು ಪುಣ್ಯಾತ್ಮರು ಸಂಜೆ ಬಂದು, ಜಗುಲಿ ಮೇಲೆ ಕೂತು ಹತ್ತನ್ನೂ ಒಂದೊಂದಾಗಿ ತೊಡೆ ಮೇಲೆ ಮಲಗಿಸಿ ನೋಡಿದರು. ಏಳು ಹೆಣ್ಣಿನಲ್ಲಿ ಮೂರು ಗಂಡು. ಮೂರು ಗಂಡಿನಲ್ಲಿ ಒಂದು ಹೆಣ್ಣು. ಒಟ್ಟು ಐದು ಹೆಣ್ಣು ಐದು ಗಂಡು. ಆ ಐದು ಹೆಣ್ಣಿನಲ್ಲಿ ಒಂದು ಮುದುಕಿ. ತೊಡೆಸಂದು ಹರಿದಿದ್ದು ಗಂಡೇ, ಬೀಜ ಹರಿದುಕೊಂಡಿತ್ತು. ಸಂಘದ ಸಾಲ ತೀರಿಸೋಕೆ ಎರಡು ವರ್ಷ ಹಿಡಿಯಿತು. ಕಂತಿನ ದಿನ ಸಂಘದ ಹೆಣ್ಣುಮಕ್ಕಳ ಮುಂದೆ ತಲೆ ತಗ್ಗಿಸಿ ಕೂತವಳು ನನ್ನ ಹೆಂಡತಿ, ನಾನಲ್ಲ.

ಇಷ್ಟು ಯಾಕೆ ಬರೆದೆ ಅಂದ್ರೆ, ಈಗಲೂ ಮೊಲ ತಂದೋರನ್ನ ಕೇಳಿದರೆ ಮೊದಲು ಹೇಳೋದು ತಳಿ. 'ನ್ಯೂಜಿಲೆಂಡ್ ವೈಟು' ಅಂತಾರೆ, 'ಚಿಂಚಿಲ್ಲಾ' ಅಂತಾರೆ. ಗಂಡೆಷ್ಟು ಹೆಣ್ಣೆಷ್ಟು, ವಯಸ್ಸೆಷ್ಟು ಅಂದ್ರೆ ತಲೆ ಕೆರೆದುಕೊಳ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ಪೂರಾ ಉಲ್ಟಾ. ಮೊದಲು ಗಂಡೋ ಹೆಣ್ಣೋ. ಆಮೇಲೆ ವಯಸ್ಸು. ತಳಿ ಕಡೆಗೆ. ಹೆಚ್ಚು ದುಡ್ಡು ಕೇಳೋದು ತಳಿಯ ಹೆಸರಿಗೆ, ಹೆಚ್ಚು ಮೋಸ ಆಗೋದು ಮೊದಲ ಎರಡರಲ್ಲಿ.

ಮಲಗಿಸಿ ನೋಡಿ

ಕಿವಿ ಹಿಡಿದು ಎತ್ತಬೇಡಿ. ಹೆಗಲ ಮೇಲಿನ ಸಡಿಲು ಚರ್ಮವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಹಿಂಗಾಲಿನ ಅಡಿಗೆ ಕೊಟ್ಟು ಎತ್ತಬೇಕು. ಮೊಲ ಹಿಂಗಾಲು ಝಾಡಿಸಿದರೆ ತನ್ನ ಬೆನ್ನು ತಾನೇ ಮುರಿದುಕೊಳ್ಳುತ್ತೆ. ಇದು ಹೆದರಿಸೋಕೆ ಹೇಳಿದ್ದಲ್ಲ, ಒಂದನ್ನ ನಾನು ಹಾಗೇ ಕಳಕೊಂಡೆ. ಕೂತುಕೊಂಡು, ತೊಡೆ ಮೇಲೆ ಗೋಣಿ ಹಾಸಿ, ಹೊಟ್ಟೆ ಮೇಲಾಗಿ ಮಲಗಿಸಿ. ಬಾಲವನ್ನು ಎರಡು ಬೆರಳ ಮಧ್ಯೆ ಹಿಡಿದು ಹಿಂದಕ್ಕೆ ಬಗ್ಗಿಸಿ. ಹೆಬ್ಬೆರಳಿನಿಂದ ಮೂತ್ರದ ಜಾಗದ ಸ್ವಲ್ಪ ಮೇಲೆ, ಹೊಟ್ಟೆ ಕಡೆಗೆ, ಮೆಲ್ಲಗೆ ಒತ್ತಿ.

ಗಂಡಾದರೆ ಸಣ್ಣ ಕೊಳವೆ ಹಾಗೆ ಗುಂಡಗೆ ಮುಂದಕ್ಕೆ ಬರುತ್ತೆ, ತುದಿಯಲ್ಲಿ ದುಂಡು ತೂತು. ಹೆಣ್ಣಾದರೆ ಉದ್ದಕ್ಕೆ ಸೀಳಿದ ಹಾಗೆ, ಎಲೆ ಬಿಚ್ಚಿದ ಹಾಗೆ ಕಾಣುತ್ತೆ, ಸೀಳು ಬಾಲದ ಕಡೆಗೆ ಇಳಿದಿರುತ್ತೆ. ಇನ್ನೊಂದು ಗುರುತು, ಹಿಕ್ಕೆ ಬೀಳೋ ಜಾಗಕ್ಕೂ ಮೂತ್ರದ ಜಾಗಕ್ಕೂ ಇರೋ ಅಂತರ. ಗಂಡಿನಲ್ಲಿ ದೂರ, ಹೆಣ್ಣಿನಲ್ಲಿ ಹತ್ತಿರ. ಒಂದನ್ನೇ ನೋಡಿದರೆ ಹೊಸಬರಿಗೆ ತಿಳಿಯೋಲ್ಲ. ನಾಲ್ಕಾರು ಮರಿ ಸಾಲಾಗಿ ನೋಡಿ, ಪಕ್ಕ ಪಕ್ಕ ಇಟ್ಟಾಗ ವ್ಯತ್ಯಾಸ ತಾನೇ ಎದ್ದು ಕಾಣುತ್ತೆ.

ಎಳೆ ಮರಿಯಲ್ಲಿ ಜೋರಾಗಿ ಒತ್ತಿದರೆ ಹೆಣ್ಣಿನದೂ ಸ್ವಲ್ಪ ಮುಂದಕ್ಕೆ ಬರುತ್ತೆ. ಅಲ್ಲೇ ಎಡವೋದು. ಹುಟ್ಟಿದ ವಾರದಲ್ಲೇ ಹೇಳ್ತೀನಿ ಅನ್ನೋ ಪಳಗಿದ ಕೈಯವರು ಇದ್ದಾರೆ. ನಾನು ಆ ಜಂಬಕ್ಕೆ ಹೋಗೋದಿಲ್ಲ. ತಿಂಗಳಾದ ಮೇಲೆ, ತಾಯಿಯಿಂದ ಬಿಡಿಸುವಾಗ ಒಂದು ಸಲ, ಮೂರು ತಿಂಗಳಿಗೆ ಇನ್ನೊಂದು ಸಲ ನೋಡ್ತೀನಿ. ಮೂರು ತಿಂಗಳಿನ ಹೊತ್ತಿಗೆ ಗಂಡಿಗೆ ಎರಡೂ ಕಡೆ ಕೂದಲಿಲ್ಲದ ಉದ್ದನೆ ಬೀಜದ ಚೀಲ ಇಳಿದಿರುತ್ತೆ. ಹೆದರಿದಾಗ ಅದನ್ನ ಒಳಕ್ಕೆ ಎಳಕೊಳ್ಳುತ್ತೆ. ಆದ್ದರಿಂದ ಬೀಜ ಕಾಣಲಿಲ್ಲ, ಹೆಣ್ಣೇ ಸರಿ ಅನ್ನೋ ತೀರ್ಮಾನ ಬೇಡ. ಗಂಡಿನ ತಲೆ ದಪ್ಪ, ಹೆಣ್ಣಿನ ಮೂತಿ ಸಣ್ಣ ಅಂತಾರೆ. ಬೆಳೆದ ಹೆಣ್ಣಿಗೆ ಗಂಟಲ ಕೆಳಗೆ ಎತ್ತಿನ ಗಂಗೆದೊಗಲಿನ ಹಾಗೆ ಮಡಿಕೆ ಬರುತ್ತೆ ಅಂತಾರೆ. ಇವು ಸುಳ್ಳಲ್ಲ, ಆದರೆ ಇವನ್ನ ನಂಬಿ ದುಡ್ಡು ಕೊಡೋಕಾಗೋಲ್ಲ.

ಮಾರೋರು ಕೆಲವರು 'ಅಲುಗಿಸಬೇಡಿ ಯಜಮಾನ್ರೇ, ಹೆದರಿ ಸಾಯ್ತವೆ' ಅಂತಾರೆ. ಮೊಲ ಅಂಜುಬುರುಕ ಪ್ರಾಣಿ, ಒಪ್ಪಿದೆ. ನಾನು ಮುಟ್ಟೋದು ಬೇಡ, ನೀವೇ ಮಲಗಿಸಿ ತೋರಿಸಿ ಅನ್ನಿ. ಅದಕ್ಕೂ ಒಪ್ಪದಿದ್ದರೆ ಬಸ್ಸು ಹತ್ತಿ.

ಹಲ್ಲು ಹೇಳದ ವಯಸ್ಸು

ಕುರಿ ಕಂಡವರು ಮೊಲದಲ್ಲಿ ಮೋಸ ಹೋಗೋದು ಇಲ್ಲೇ. ಮೊಲದ ಹಲ್ಲು ವಯಸ್ಸು ಹೇಳೋದಿಲ್ಲ. ಅದರ ಹಲ್ಲು ಸಾಯೋ ತನಕ ಬೆಳೀತಾನೇ ಇರುತ್ತೆ, ತಿಂದಂತೆಲ್ಲ ಸವೀತಾನೇ ಇರುತ್ತೆ. ಆರು ತಿಂಗಳಿನದಕ್ಕೂ ಮೂರು ವರ್ಷದ್ದಕ್ಕೂ ಬಾಯಲ್ಲಿ ಫರಕು ಕಾಣೋಲ್ಲ. ಹಾಗಂತ ಬಾಯಿ ನೋಡೋದು ಬಿಡಬೇಡಿ. ಮೇಲಿನ ಹಲ್ಲು ಕೆಳಗಿನದರ ಮುಂದಕ್ಕೆ ಸರಿಯಾಗಿ ಕೂತಿದೆಯೇ ನೋಡಿ. ಸೊಟ್ಟ ಇದ್ದರೆ ಸವೆಯದೆ ಆನೆದಂತದ ಹಾಗೆ ಬೆಳೆದು ಮೇವು ತಿನ್ನೋಕಾಗದೆ ಸೊರಗುತ್ತೆ. ಈ ದೋಷ ಮರಿಗೂ ಇಳಿಯಬಹುದು. ಮೇಲಿನ ಎರಡು ದೊಡ್ಡ ಹಲ್ಲಿನ ಹಿಂದೆ ಎರಡು ಪುಟ್ಟ ಹಲ್ಲು ಅಡಗಿರುತ್ತವೆ. ನಾನು ಮೊದಲು ಅದನ್ನೇ ಹಾಲುಹಲ್ಲು, ಎಳೆ ಮೊಲ ಅಂತ ತಿಳಿದಿದ್ದೆ! ಆ ಪುಟ್ಟ ಹಲ್ಲು ಎಲ್ಲ ಮೊಲಕ್ಕೂ ಇರುತ್ತೆ.

ಹಾಗಾದ್ರೆ ವಯಸ್ಸು ಎಲ್ಲಿ ನೋಡೋದು? ಉಗುರಿನಲ್ಲಿ. ಎಳೆಯದರ ಉಗುರು ಸಣ್ಣ, ಚೂಪು, ಪಾದದ ಕೂದಲಿನೊಳಗೇ ಅಡಗಿರುತ್ತೆ. ವಯಸ್ಸಾದಂತೆ ಕೂದಲು ದಾಟಿ ಹೊರಕ್ಕೆ ಬಂದು ದಪ್ಪಗಾಗಿ ಬಗ್ಗುತ್ತೆ. ಬಿಳಿ ಮೊಲದಲ್ಲಿ ಇನ್ನೊಂದು ಅನುಕೂಲ. ಉಗುರನ್ನು ಬೆಳಕಿಗೆ ಹಿಡಿದರೆ ಬುಡದಲ್ಲಿ ರಕ್ತದ ಕೆಂಪು, ತುದಿಯಲ್ಲಿ ಬಿಳಿ ಕಾಣುತ್ತೆ. ಕೆಂಪು ಹೆಚ್ಚಿದ್ದರೆ ವರ್ಷದೊಳಗಿನದು. ಎರಡೂ ಸಮ ಇದ್ದರೆ ಹೆಚ್ಚುಕಡಿಮೆ ಒಂದು ವರ್ಷ. ಬಿಳಿ ಉದ್ದ ಇದ್ದರೆ ಅದಕ್ಕೂ ಮೇಲೆ. ಇದು ಅಂದಾಜು ಅಷ್ಟೇ. ಉಗುರು ಕತ್ತರಿಸಿ ತಂದರೆ, ಇಲ್ಲವೇ ಒರಟು ನೆಲದಲ್ಲಿ ಸಾಕಿ ಸವೆದಿದ್ದರೆ ಲೆಕ್ಕ ತಪ್ಪುತ್ತೆ. ನಮಗೆ ಬಂದ ಮುದುಕಿಯ ಉಗುರು ಕೂಡ ನೀಟಾಗಿ ಕತ್ತರಿಸಿತ್ತು.

ಆ ಮುದುಕಿಯನ್ನ ಹಿಡಿದುಕೊಟ್ಟಿದ್ದು ಮೊಲೆತೊಟ್ಟು. ಕಾಂಪೌಂಡರು ಹೊಟ್ಟೆಯ ಕೂದಲಿಗೆ ಉಫ್ ಅಂತ ಊದಿದರು. ಮರಿ ಹಾಕದ ಹೆಣ್ಣಿನ ತೊಟ್ಟು ಹುಡುಕಬೇಕು, ರಾಗಿಕಾಳಿನಷ್ಟು. ಮರಿಗೆ ಕುಡಿಸಿದ್ದರ ತೊಟ್ಟು ಊದಿದ ತಕ್ಷಣ ಕಾಣುತ್ತೆ. 'ಇದು ಎಷ್ಟು ಸೂಲು ಕಂಡಿದೆಯೋ, ಇದನ್ನ ನಿಮಗೆ ಆರು ತಿಂಗಳಿನದು ಅಂತ ಕೊಟ್ಟಿದ್ದಾರೆ' ಅಂದರು. ಹೆಣ್ಣು ಮೊಲ ಸುಮಾರು ಮೂರು ವರ್ಷ ಚೆನ್ನಾಗಿ ಮರಿ ಕೊಡುತ್ತೆ, ಆಮೇಲೆ ಮರಿ ಕಡಿಮೆ. ಜೀವವೇನೋ ಏಳೆಂಟು ವರ್ಷ ಇದ್ದೀತು. ಆದ್ರೆ ಸಾಕೋರಿಗೆ ಬೇಕಾದ ವರ್ಷಗಳನ್ನು ಮಾರಿದವರೇ ತಿಂದು, ಉಳಿದ ಮುಪ್ಪನ್ನ ನಮಗೆ ಎಳೆಯದರ ರೇಟಿಗೆ ಕೊಟ್ಟಿದ್ದರು.

ಕಣ್ಣ ಮುಂದೆ ಹುಟ್ಟಿದ ಮರಿಯ ವಯಸ್ಸು ಸುಲಭ. ಹುಟ್ಟುವಾಗ ಮೈಮೇಲೆ ಕೂದಲಿಲ್ಲ, ಕಣ್ಣು ಮುಚ್ಚಿರುತ್ತೆ. ಹತ್ತು ಹನ್ನೆರಡು ದಿನಕ್ಕೆ ಕಣ್ಣು ಬಿಡುತ್ತೆ. ಮೂರು ವಾರಕ್ಕೆ ಗೂಡಿನಿಂದ ಹೊರಬಂದು ಮೇವು ಕಡಿಯೋಕೆ ಶುರು. ಚೆನ್ನಾಗಿ ಮೇಯಿಸಿದರೆ ಮೂರು ತಿಂಗಳಿಗೆ ಹತ್ತಿರ ಹತ್ತಿರ 2 ಕಿಲೋ. ನಮ್ಮಲ್ಲಿ ಹುರುಳಿ ಸೊಪ್ಪು, ಗರಿಕೆ, ಸ್ವಲ್ಪ ಬೂಸಾ ಕೊಟ್ಟು ಸಾಕಿದ್ದು ಒಂದೂವರೆ ದಾಟಿದರೆ ಹೆಚ್ಚು.

ತಳಿ ಅನ್ನೋ ಹೆಸರು

ಇದರಲ್ಲಿ ನನಗೆ ನಗು ಬರೋದು ಹೆಚ್ಚು. ನ್ಯೂಜಿಲೆಂಡ್ ವೈಟ್ ಅನ್ನೋ ತಳಿಯನ್ನ ರೂಢಿಗೆ ತಂದಿದ್ದು ಅಮೆರಿಕದಲ್ಲಂತೆ, ನ್ಯೂಜಿಲೆಂಡಿನಲ್ಲಿ ಅಲ್ಲ. ಹೆಸರೇ ಹೀಗಿರುವಾಗ ಡಬ್ಬದ ಮೇಲಿನ ಚೀಟಿ ಎಷ್ಟು ನಂಬೋದು? ಮೈಯೆಲ್ಲ ಬಿಳಿ, ಕಣ್ಣು ಕೆಂಪು ಇದ್ದರೆ ನ್ಯೂಜಿಲೆಂಡ್ ವೈಟ್ ಅಂತಾರೆ. ವೈಟ್ ಜಯಂಟ್ ಕೂಡ ಬಿಳಿ ಮೈ, ಕೆಂಪು ಕಣ್ಣೇ. ಬೆರಕೆಯಲ್ಲೂ ಅಂಥದು ಹುಟ್ಟುತ್ತೆ. ಬರೀ ಬಣ್ಣ ನೋಡಿ ಇದು ಇಂಥದೇ ಅಂತ ನಾನಂತೂ ಹೇಳಲಾರೆ. ಬಿಳಿ ಮೈಗೆ ಮೂಗು, ಕಿವಿ, ಪಾದ, ಬಾಲ ಮಾತ್ರ ಕಪ್ಪಿದ್ದರೆ ಕ್ಯಾಲಿಫೋರ್ನಿಯನ್. ಬೂದಿ ಬಣ್ಣ, ಹೊಟ್ಟೆ ಬೆಳ್ಳಗೆ, ಕೂದಲನ್ನ ಊದಿದರೆ ಬುಡದಿಂದ ತುದಿಗೆ ಬಣ್ಣ ಬೇರೆ ಬೇರೆ ಸುತ್ತು ಕಂಡರೆ ಸೋವಿಯತ್ ಚಿಂಚಿಲ್ಲಾ. ಗ್ರೇ ಜಯಂಟ್ ಕಾಡುಮೊಲದ ಹಾಗೆ ಕಂದುಬೂದು. ಹೆಗಲ ಸುತ್ತ ಬಿಳಿ ಪಟ್ಟಿ, ಹಿಂಭಾಗ ಕಪ್ಪು ಅಥವಾ ಕಂದು, ಮೈ ಪುಟ್ಟದು, ಬೆಳೆದರೂ ಎರಡು, ಎರಡೂವರೆ ಕಿಲೋ ದಾಟದ್ದು ಡಚ್. ಇದು ಮಕ್ಕಳ ಮುದ್ದಿಗೆ ಸರಿ, ಮಾಂಸಕ್ಕೆ ಗಿಟ್ಟೋಲ್ಲ. ಉದ್ದ ಉಣ್ಣೆಯದು ಅಂಗೋರಾ, ಅದು ತಂಪು ಬೆಟ್ಟದ ಪ್ರಾಣಿ. ನಮ್ಮ ಬಿಸಿಲಿಗೆ ಅದನ್ನ ತರೋದು ಪಾಪದ ಕೆಲಸ.

ದೊಡ್ಡ ತಳಿಗಳು ಬೆಳೆದ ಮೇಲೆ ನಾಲ್ಕು, ಐದು ಕಿಲೋ ಬರಬೇಕು. ಆದ್ದರಿಂದ ತಳಿ ಕೇಳೋ ಬದಲು ತಕ್ಕಡಿ ಕೇಳಿ. ಮರಿ ಕೊಳ್ಳೋದಾದರೆ ಅದರ ತಾಯಿ ತಂದೆಯನ್ನ ತೋರಿಸಿ ಅನ್ನಿ, ತೂಗಿ ನೋಡಿ. ನಮ್ಮ ಎರಡು 'ಅಸಲಿ ಚಿಂಚಿಲ್ಲಾ' ಹಾಕಿದ ಒಂದೇ ಸೂಲಿನಲ್ಲಿ ಬಿಳಿ, ಕಪ್ಪು, ಬೂದಿ, ಮಚ್ಚೆ ಎಲ್ಲ ಬಂದವು, ಬೆರಕೆ ಅಂತ ಅವೇ ಸಾಕ್ಷಿ ಹೇಳಿದವು. ಬೆರಕೆ ಕೆಟ್ಟದ್ದಲ್ಲ. ನನ್ನ ಹತ್ತಿರ ಈಗ ಇರೋದರಲ್ಲಿ ಒಳ್ಳೇ ತಾಯಿ ಒಂದು ಬೆರಕೆಯೇ. ಬೆರಕೆಯನ್ನ ಅಸಲಿ ರೇಟಿಗೆ ಕೊಡೋದು ಕೆಟ್ಟದ್ದು. ಶುದ್ಧ ತಳಿಯೇ ಬೇಕು ಅನ್ನೋರು ತಮಿಳುನಾಡಿನ ಕೊಡೈಕೆನಾಲ್ ಹತ್ತಿರದ ಮನ್ನವನೂರಿನಲ್ಲಿ ಕೇಂದ್ರ ಸರ್ಕಾರದ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಶಾಖೆ ಇದೆ, ವೈಟ್ ಜಯಂಟ್, ಸೋವಿಯತ್ ಚಿಂಚಿಲ್ಲಾ ಅಲ್ಲಿ ಸಾಕಿದ್ದಾರೆ. ಮೊದಲು ಕಾಗದ ಬರೆದು ವಿಚಾರಿಸಿ ಹೋಗೋದು ಒಳ್ಳೇದು.

ಇನ್ನೊಂದು ಹಸಿ ಸುಳ್ಳು, 'ಕಾಡುಮೊಲದ ಕ್ರಾಸು, ಬಿಸಿಲು ತಡಿಯುತ್ತೆ' ಅನ್ನೋದು. ನಮ್ಮ ಕಾವಲಿನಲ್ಲಿ ಓಡೋ ಕಾಡುಮೊಲ ಬೇರೆ ಜಾತಿ, ಪಂಜರದ ಮೊಲ ಬೇರೆ ಜಾತಿ. ಎರಡೂ ಕೂಡಿ ಮರಿ ಆಗೋದಿಲ್ಲ. ಕಾಡುಮೊಲದ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ಬಿಟ್ಟಿರುತ್ತೆ. ಇದರದು ಇಲಿಮರಿ ಹಾಗೆ ಬರಿಮೈ. ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿ ತಂದು ಸಾಕೋಕೂ ಹೋಗಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯೋದೂ ಅಪರಾಧ, ಕೊಲ್ಲೋದೂ ಅಪರಾಧ.

ಬಿಸಿಲಿನ ಮಾತು ಬಂತು. ಬಯಲುಸೀಮೆಗೆ ಮೊಲವೇ ತಪ್ಪು ಅಂತ ನಮ್ಮೂರಿನಲ್ಲಿ ಹೇಳೋರಿದ್ದಾರೆ. ಅರ್ಧ ನಿಜ. ಮೊಲಕ್ಕೆ ಬೆವರು ಇಲ್ಲ, ಕಿವಿಯಿಂದಲೇ ಸೆಕೆ ಕಳೀಬೇಕು. ಸೆಕೆ 30 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ. ಕಡು ಬೇಸಿಗೆಯಲ್ಲಿ ಗಂಡಿನ ಬೀಜದ ಶಕ್ತಿಯೇ ಕುಗ್ಗುತ್ತೆ. ಹೋಳಿಯಿಂದ ರೋಹಿಣಿ ಮಳೆ ತನಕ ನಾನು ಜೋಡಿ ಮಾಡೋದೇ ಇಲ್ಲ. ಶೆಡ್ಡನ್ನು ಹೊಂಗೆ ಮರದ ಅಡಿಗೆ ಸಾಗಿಸಿ, ತಗಡು ತೆಗೆದು ಸೋಗೆ ಹೊದಿಸಿದ್ದೀನಿ. ಸಭೆಯಲ್ಲಿ ಹನ್ನೆರಡು ತಿಂಗಳೂ ಮರಿ ಅಂತ ಲೆಕ್ಕ ತೋರಿಸಿದವರು ಇದನ್ನ ಹೇಳಲಿಲ್ಲ. ಕೇಳೋಕೆ ನಮಗೂ ತೋಚಲಿಲ್ಲ.

ಎಲ್ಲ ತಪ್ಪೂ ಮಾರಿದವರದೇ ಅಂತ ಬರೆದರೆ ಅದೂ ಸುಳ್ಳಾಗುತ್ತೆ. 2021ರಲ್ಲಿ ಒಬ್ಬರು ತಮ್ಮ ಮಗಳಿಗೆ ಅಂತ ಎರಡು ಹೆಣ್ಣು ಮರಿ ಕೇಳಿ ಬಂದರು. ಮೂರು ವಾರದ ಮರಿ, ಅವಸರದಲ್ಲಿ ನೋಡಿ ಕೊಟ್ಟೆ. ಆರು ತಿಂಗಳಿಗೆ ಅವರ ಮನೆಯಲ್ಲಿ ಐದು ಮರಿ! ಒಂದು ಗಂಡಾಗಿತ್ತು. ಆ ಹುಡುಗಿ ಫೋನಿನಲ್ಲಿ ಖುಷಿಯಿಂದಲೇ ಹೇಳಿದಳು, ನನಗೆ ಮಾತ್ರ ಆ ನೀಲಿ ಗುರುತಿನ ಡಬ್ಬ ಕಣ್ಣ ಮುಂದೆ ಬಂತು. ಗಂಡನ್ನು ವಾಪಸು ತಂದು ಬೇರೆ ಹೆಣ್ಣು ಕೊಟ್ಟು ಬಂದೆ. ಅವತ್ತಿನಿಂದ ಒಂದು ತಿಂಗಳೊಳಗಿನ ಮರಿ ಮಾರೋದಿಲ್ಲ.

ನನ್ನ ಬೇಡಿಕೆ ಇಷ್ಟೇ. ಮೊಲ ಮಾರೋರು, ಅವರು ದೊಡ್ಡ ಫಾರಮ್ಮಿನವರಾಗಲಿ ನನ್ನಂಥ ನಾಲ್ಕು ಪಂಜರದವರಾಗಲಿ, ಒಂದೊಂದು ಮೊಲಕ್ಕೂ ಚೀಟಿ ಬರೆದು ಸಹಿ ಮಾಡಿ ಕೊಡಬೇಕು. ಹುಟ್ಟಿದ ತಾರೀಖು, ಗಂಡೋ ಹೆಣ್ಣೋ, ತಾಯಿ ತಂದೆ ಯಾವುದು, ಮಾರಿದ ದಿನದ ತೂಕ. ಕಿವಿಯಲ್ಲಿ ಹಚ್ಚೆ ನಂಬರು ಇದ್ದರೆ ಅದೂ. ತಳಿ ಗೊತ್ತಿಲ್ಲದಿದ್ದರೆ 'ಬೆರಕೆ' ಅಂತಲೇ ಬರೆಯಲಿ, ನಾಚಿಕೆ ಏನಿದೆ? ಬ್ಯಾಂಕು, ಸಂಘದವರು ಸಾಲ ಕೊಡುವಾಗ ಈ ಚೀಟಿ ಕೇಳಬೇಕು. ಕೊಳ್ಳೋರು ಮನೆಯ ಹೆಂಗಸರನ್ನ ಜೊತೆಗೆ ಕರಕೊಂಡು ಹೋಗಬೇಕು. ದಿನಾ ಮೇವು ಹಾಕೋರು ಅವರು, ಗಂಡು ಬಾಣಂತಿಯಾಗಿದ್ದನ್ನ ಕಂಡವಳೂ ನನ್ನ ಹೆಂಡತಿಯೇ.

ವಾಪಸು ಕೊಳ್ತೀವಿ ಅನ್ನೋ ಮಾತಿನ ಬಗ್ಗೆ ಬೇರೆಯೇ ಬರೆಯಬೇಕು. ಸದ್ಯಕ್ಕೆ ಒಂದೇ ಮಾತು, ನಮ್ಮ ಸಂತೆಯಲ್ಲಿ ಮೊಲಕ್ಕೆ ದಲ್ಲಾಳಿ ಇಲ್ಲ. ಮಾಂಸಕ್ಕೆ ಗೊತ್ತಿರೋ ಮನೆಗಳವರು ಭಾನುವಾರ ಒಯ್ತಾರೆ, ಉಳಿದಿದ್ದು ಸಾಕೋರಿಗೆ. ಅಷ್ಟಕ್ಕೆ ತಕ್ಕಷ್ಟೇ ಸಾಕಿದ್ದೀನಿ.

ಈಗ ನನ್ನಲ್ಲಿ ಐದು ಹೆಣ್ಣು, ಎರಡು ಗಂಡು ಇವೆ. ಲೆಕ್ಕದ ಪುಸ್ತಕ ಮನೆಯವಳ ಕೈಲಿದೆ. ಮಲಗಿಸಿ ನೋಡೋದು ಕಲೀಬೇಕು ಅನ್ನೋರು ಸಂಜೆ ತಂಪಿನ ಹೊತ್ತಿಗೆ ಬರಬಹುದು, ಕೊಳ್ಳಲೇಬೇಕು ಅಂತೇನಿಲ್ಲ. ಕೊಳ್ಳೋಕೆ ಬರೋರು ರಟ್ಟಿನ ಡಬ್ಬ ತರಬೇಡಿ, ಬಿದಿರು ಬುಟ್ಟಿ ತನ್ನಿ.